ಕಾರ್ಡು ಮೊದಲು, ತಂತಿ ಕೊನೆಗೆ

ದೇವೀರಮ್ಮನವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಯಾರದೋ ಮನೆಯ ರೇಡಿಯೋಗೆ ತಂತಿ ಬೆಸೆಯುತ್ತಿದ್ದೆ. ಸ್ಟೂಲು ಕೊಟ್ಟರೂ ಅವರು ಕೂರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತರು. ನಾನು ಕೆಲಸ ಬಿಟ್ಟು ಏನಾಯಿತಮ್ಮಾ ಎಂದು ಕೇಳಿದೆ.

"ಸುಕನ್ಯಾ ಬರೋದು ನಿಂತೋಗಿ ವಾರ ಆಯ್ತು ಕಣವ್ವಾ," ಎಂದರು. "ಬೋರ್ಡಲ್ಲೇ ಏನೋ ಆಗಿರ್ಬೇಕು. ಬೋರ್ಡಲ್ಲೇ ಆಗಿರ್ಲಿ ಅಂತ ದೇವರಿಗೆ ಕೈಮುಗಿದು ಬಂದೆ."

ಸುಕನ್ಯಾ ಅವರ ಒಬ್ಬಳೇ ಮಗಳು. ನಮ್ಮ ಊರಿನಿಂದ ಹೊರಡುವ ಮೊದಲ ಬಸ್ಸಿನ ಕಂಡಕ್ಟರ್ ಆಗಿದ್ದಳು. ಹಿಂದಿನ ಮಳೆಗಾಲದಲ್ಲಿ ಕಲ್ಲುಸೇತುವೆಯ ತಿರುವಿನಲ್ಲಿ ಆ ಬಸ್ಸು ಮಗುಚಿತು. ಕೈಕಾಲು ಮುರಿದವರು ಬಹಳ ಜನ, ಜೀವ ಹೋದದ್ದು ಅವಳೊಬ್ಬಳದು.

ನಮ್ಮ ಊರಲ್ಲಿ ಸತ್ತವರು ತಕ್ಷಣ ಹೋಗಿಬಿಡುವುದಿಲ್ಲ. ಒಂದು ವರ್ಷದ ತನಕ, ದಿನವೂ ಬೆಳಕು ಹರಿಯುವ ಮುಂಚೆ, ಅವರ ಬೆಳಗಿನ ಸದ್ದು ಮನೆಗೆ ಬರುತ್ತದೆ. ಮಾತಿಲ್ಲ, ಮುಖವಿಲ್ಲ, ಬರಿಯ ಸದ್ದು. ಕೆಮ್ಮುತ್ತಿದ್ದವರು ಕೆಮ್ಮುತ್ತಾರೆ. ಬಾಯಿ ಮುಕ್ಕಳಿಸುತ್ತಾರೆ, ಕನ್ನಡಕಕ್ಕಾಗಿ ಕಿಟಕಿಯ ಕಟ್ಟೆಯ ಮೇಲೆ ಕೈಯಾಡಿಸುತ್ತಾರೆ, ಚಪ್ಪಲಿ ಎಳೆಯುತ್ತಾ ಬಚ್ಚಲಿಗೆ ಹೋಗಿ ಬರುತ್ತಾರೆ. ಕೊನೆಗೆ ಮುಂಬಾಗಿಲ ಚಿಲಕ ಸರಿದ ಸದ್ದಾಗುತ್ತದೆ, ಅಲ್ಲಿಗೆ ಮುಗಿಯಿತು. ಸಾವಾದ ಮನೆಗೆ ಹಾಲಿನವನು ಆ ಹೊತ್ತಿಗೆ ಹೋಗುವುದಿಲ್ಲ. ಅಕ್ಕಪಕ್ಕದವರು ಬಿಂದಿಗೆ ಕೂಡ ಸದ್ದಾಗದಂತೆ ಇಳಿಸುತ್ತಾರೆ. ನೆಂಟರು ಉಳಿದುಕೊಂಡಿದ್ದರೆ ಮೊದಲೇ ಹೇಳಿರುತ್ತಾರೆ, ಸ್ವಲ್ಪ ತಡೆದು ಬಚ್ಚಲಿಗೆ ಹೋಗಿ, ಅಪ್ಪ ಈಚೆಗೆ ಬರಲಿ ಎಂದು. ಒಂದು ವರ್ಷ ಅನ್ನುವುದೂ ಬಾಯಿಮಾತಿಗೆ. ವಾರವೋ ಎರಡು ವಾರವೋ ಮೊದಲೇ ನಿಲ್ಲಿಸಿದವರಿದ್ದಾರೆ. ಅವರಿಗೆ ನಮ್ಮ ಪಂಚಾಂಗವಿಲ್ಲ.

ನನ್ನ ಅಜ್ಜಿಯ ಕಾಲದಲ್ಲಿ ಒಲೆ ಹಚ್ಚಿದಾಗ ಬರುತ್ತಿದ್ದರಂತೆ. ಈಗ ಬೋರ್ಡು ಎದ್ದಾಗ ಬರುತ್ತಾರೆ. ಬೋರ್ಡು ಅಂದರೆ ಅಂಗೈಯಷ್ಟಗಲದ ಕಂಪ್ಯೂಟರು, ಪ್ರತಿ ಮನೆಯಲ್ಲೂ ಬಾಗಿಲ ಪಕ್ಕದ ಗೂಡಿನಲ್ಲಿ ಒಂದಿರುತ್ತದೆ. ಪಂಪು ಓಡಿಸುವುದು, ದೀಪ ಹಚ್ಚುವುದು ಅದರ ಕೆಲಸ. ನಮ್ಮಲ್ಲಿ ರಾತ್ರಿ ಕರೆಂಟು ತೆಗೆದು ನಸುಕಿನಲ್ಲಿ ಕೊಡುವುದರಿಂದ ಅದು ದಿನವೂ ಹೊಸದಾಗಿ ಏಳಬೇಕು. ಎದ್ದಾಗ ಅದಕ್ಕೆ ಏನೂ ನೆನಪಿರುವುದಿಲ್ಲ. ತಾನು ಮಾಡಬೇಕಾದ್ದನ್ನು ಎಲ್ಲಿಂದಲಾದರೂ ಓದಿಕೊಳ್ಳಬೇಕು. ಮೊದಲು ತನ್ನೊಳಗೆ ಸಿಕ್ಕಿಸಿರುವ ಉಗುರಿನಷ್ಟು ಕಾರ್ಡಿನಲ್ಲಿ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಪಕ್ಕದಲ್ಲಿ ಪೆನ್‌ಡ್ರೈವ್ ಇದೆಯೇ ಎಂದು ನೋಡುತ್ತದೆ. ಅದೂ ಇಲ್ಲದಿದ್ದರೆ ಗೋಡೆಯಿಂದ ಬರುವ ತಂತಿಯ ಮೂಲಕ ಬೀದಿಯ ಕೊನೆಯ ಕೋಣೆಯಲ್ಲಿರುವ ದೊಡ್ಡ ಮಿಷನ್ನನ್ನು ಕೇಳುತ್ತದೆ. ಆ ಮಿಷನ್ನು ಕೇಳಿದವರಿಗೆಲ್ಲ ಒಂದೇ ಪಾಠ ಹೇಳಿಕೊಡುತ್ತದೆ. ತನ್ನ ಕಾರ್ಡಿನಿಂದ ಎದ್ದ ಮನೆಗೆ ತನ್ನ ಸತ್ತವರು ಬರುತ್ತಾರೆ. ಬೀದಿಯ ಮಿಷನ್ನಿನಿಂದ ಎದ್ದ ಮನೆಗೆ ನೀರು ಬರುತ್ತದೆ, ಬೆಳಕು ಬರುತ್ತದೆ, ಅವರು ಬರುವುದಿಲ್ಲ. ಬಾರದವರು ಎಲ್ಲಿಗೆ ಹೋಗುತ್ತಾರೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ದೇವೀರಮ್ಮನವರ ಜೊತೆಯಲ್ಲೇ ಹೊರಟೆ. ಮನೆಯಲ್ಲಿ ಅವರ ಯಜಮಾನರು ಕೆಂಪಯ್ಯನವರು ಜಗಲಿಯ ಮೇಲೆ ಕೂತು ಕೊಡೆಯ ಕಡ್ಡಿ ಸರಿಮಾಡುತ್ತಿದ್ದರು. ನೀರಿನ ಟ್ಯಾಂಕಿನ ಪಂಪುಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಂತ್ರದ ಸದ್ದಿನಲ್ಲೇ ಬದುಕು ಕಳೆದದ್ದಕ್ಕೋ ಏನೋ, ಅವರು ಮಾತಾಡಿದ್ದನ್ನು ಕೇಳಿದವರು ಕಡಿಮೆ. ದೊಡ್ಡ ಮಿಷನ್ನಿರುವ ಬೀದಿಕೋಣೆಯ ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು. ನನ್ನನ್ನು ನೋಡಿ ಎದ್ದು ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟು ಹಿತ್ತಲಿಗೆ ಹೋದರು.

ಗೂಡಿನ ಬಾಗಿಲು ತೆಗೆದೆ. ಕಾರ್ಡು ಕೆಟ್ಟಿದ್ದರೆ ಬೋರ್ಡು ತಾನಾಗಿ ತಂತಿಯ ಕಡೆಗೆ ತಿರುಗುತ್ತದೆ. ಹಾಗಾಗಿ ಮೊದಲ ಅನುಮಾನ ಕಾರ್ಡಿನ ಮೇಲೆಯೇ. ಬೇರೆ ಮನೆಯಾಗಿದ್ದರೆ ಹೊಸ ಕಾರ್ಡು ಹಾಕಿ ಎದ್ದುಬರುತ್ತಿದ್ದೆ. ಸಾವಾದ ಮನೆಯಲ್ಲಿ ಹಾಗೆ ಮಾಡಲಾಗುವುದಿಲ್ಲ. ಕಾರ್ಡಿನಲ್ಲಿರುವುದನ್ನೆಲ್ಲ ಒಂದಕ್ಷರ ಬಿಡದೆ ಹೊಸದಕ್ಕೆ ಇಳಿಸಿದರೂ ಕೆಲವು ಸಲ ಅವರು ಮತ್ತೆ ಬರುವುದಿಲ್ಲ. ದೇವೀರಮ್ಮನವರಿಗೂ ಅದು ಗೊತ್ತಿತ್ತು. "ಕಾರ್ಡ್ ಮಾತ್ರ ಬದಲಾಯಿಸ್ಬೇಡ ಕಣವ್ವಾ," ಎಂದು ನನ್ನ ಮೊಣಕೈ ಹಿಡಿದುಕೊಂಡರು. ಅಂಗಡಿಗೆ ಒಯ್ದು ಪರೀಕ್ಷೆ ಮಾಡಬೇಕು ಎಂದಾಗ ಅದನ್ನು ಕುಂಕುಮದ ಡಬ್ಬಿಯೊಳಗೆ ಹತ್ತಿಯ ಮೇಲಿಟ್ಟು, ಡಬ್ಬಿಯನ್ನು ತಾವೇ ಹಿಡಿದುಕೊಂಡು ನನ್ನ ಹಿಂದೆಯೇ ಬಂದರು.

ಕಾರ್ಡು ಚೆನ್ನಾಗಿಯೇ ಇತ್ತು. ಅದರ ಬೆನ್ನಿನ ತಾಮ್ರದ ಗೆರೆಗಳು ಸ್ವಲ್ಪ ಕಪ್ಪಾಗಿದ್ದವು, ರಬ್ಬರಿನಿಂದ ಉಜ್ಜಿದೆ. ಮನೆಗೆ ವಾಪಸು ಬಂದು ಬೋರ್ಡಿಗೆ ಕರೆಂಟು ಸಾಲುತ್ತಿಲ್ಲವೇನೋ ಎಂದು ಅದರ ವೈರು ಬದಲಾಯಿಸಿದೆ. ಕರೆಂಟು ಕಡಿಮೆಯಾದರೆ ಕಾರ್ಡು ಓದುವಷ್ಟು ಚೈತನ್ಯ ಅದಕ್ಕಿರುವುದಿಲ್ಲ. ಆದರೂ ತಂತಿಯಿಂದಲೇ ಎದ್ದಿತು. ಆಮೇಲೆ ಹೊಳೆಯಿತು, ಹುಡುಕುವ ಸರದಿಯನ್ನೇ ನಾನು ನೋಡಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಕಾರ್ಡಿನಲ್ಲಿರುವುದಿಲ್ಲ. ಬೋರ್ಡಿಗೇ ಬೆಸೆದಿರುವ, ಕರೆಂಟು ಹೋದರೂ ಅದೊಂದನ್ನು ಮರೆಯದ ಸಣ್ಣ ಕರಿಯ ಚಿಪ್ಪಿನಲ್ಲಿರುತ್ತದೆ. ಪರದೆ ಜೋಡಿಸಿ ನೋಡಿದರೆ ಸರದಿ ತಿರುಗುಮುರುಗಾಗಿತ್ತು. ಮೊದಲು ತಂತಿ, ಕೊನೆಗೆ ಕಾರ್ಡು. ತಂತಿಯಲ್ಲಿ ಉತ್ತರ ಸಿಕ್ಕಿದ ಮೇಲೆ ಬೋರ್ಡು ಕಾರ್ಡಿನವರೆಗೂ ಹೋಗುತ್ತಲೇ ಇರಲಿಲ್ಲ. ನಾನು ಸರಿಮಾಡಿದೆ. ನಾಳೆ ಬರುತ್ತಾಳೆ ಬಿಡಿ ಎಂದೆ. ದೇವೀರಮ್ಮನವರು ನನ್ನ ಕೈಗೆ ಒಂದು ಹಿಡಿ ಹುರಿಗಡಲೆ ಹಾಕಿದರು.

ಮರುದಿನ ನಾನು ಅಂಗಡಿಯ ಬಾಗಿಲು ತೆಗೆಯುವಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಬರಲಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹೋಗಿ ನೋಡಿದೆ. ಸರದಿ ಮತ್ತೆ ತಿರುಗಿತ್ತು. ಚಿಪ್ಪಿಗೆ ಮರೆವು ಬಂದಿರಬೇಕು, ಹಳೆಯದಾದರೆ ಹಾಗಾಗುತ್ತದೆ ಎಂದುಕೊಂಡೆ. ಸರಿಮಾಡಿ ಕರೆಂಟು ತೆಗೆದೆ, ಕೊಟ್ಟೆ, ಮತ್ತೆ ತೆಗೆದೆ, ಮತ್ತೆ ಕೊಟ್ಟೆ. ಹಗಲಲ್ಲಿ ಸತ್ತವರು ಬರುವುದಿಲ್ಲ, ಆದರೆ ಬೋರ್ಡು ಎಲ್ಲಿಂದ ಎದ್ದಿತು ಎಂಬುದು ದೀಪ ಮಿನುಗುವ ರೀತಿಯಲ್ಲೇ ಗೊತ್ತಾಗುತ್ತದೆ. ಪ್ರತಿ ಸಲವೂ ಕಾರ್ಡಿನಿಂದಲೇ ಎದ್ದಿತು. ಚಿಪ್ಪಿಗೆ ಯಾವ ಮರೆವೂ ಇರಲಿಲ್ಲ.

ನಾನು ಅಲ್ಲೇ ಯೋಚಿಸುತ್ತಾ ಕೂತಿದ್ದಾಗ ದೇವೀರಮ್ಮನವರು ನನ್ನನ್ನು ಅಡುಗೆಮನೆಗೆ ಕರೆದರು. ಹಿತ್ತಲ ಬಾಗಿಲು ಹಾಕಿದೆಯೇ ಎಂದು ನೋಡಿಕೊಂಡರು. ಆಮೇಲೆ ಹೇಳಿದರು. ಆ ದಿನ ಬೆಳಿಗ್ಗೆ ತಾಯಿಮಗಳಿಗೆ ಮಾತು ಬೆಳೆದಿತ್ತಂತೆ. ಗಂಡಿನ ಕಡೆಯವರು ನೋಡಲು ಬರುವ ದಿನ ಅದು. ರಜಾ ಹಾಕು ಎಂದು ಇವರು, ಆಗುವುದಿಲ್ಲ ಎಂದು ಅವಳು. ಚಹಾದ ಲೋಟ ಒಲೆಯ ಪಕ್ಕದಲ್ಲೇ ಉಳಿಯಿತು. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊಸಿಲು ದಾಟುವಾಗ ಇವರು ಹಿಂದಿನಿಂದ ಒಂದು ಮಾತು ಅಂದುಬಿಟ್ಟರು.

"ಈ ಮನೆಗೆ ಮತ್ತೆ ಬರಬೇಡ ಹೋಗು ಅಂದೆ ಕಣವ್ವಾ. ಇಷ್ಟು ದಿನ ತಾಯಿ ಅಂತ ಸಹಿಸ್ಕೊಂಡು ಬಂದ್ಲು. ಈಗ ಆ ಮಾತು ನೆನಪಾಗಿರ್ಬೇಕು ಅವಳಿಗೆ."

ಹಾಗೇನೂ ಇಲ್ಲ, ಇದು ಬೋರ್ಡಿನ ದೋಷ ಎಂದು ನಾನು ಎಷ್ಟು ಹೇಳಿದರೂ ಅವರು ತಲೆಯಾಡಿಸಿದರೇ ಹೊರತು ನಂಬಿದಂತೆ ಕಾಣಲಿಲ್ಲ. ಕೆಂಪಯ್ಯನವರಿಗೆ ಇದು ಗೊತ್ತೇ ಎಂದು ಕೇಳಿದೆ. ಅವರು ಆಗ ಸ್ನಾನಕ್ಕೆ ಹೋಗಿದ್ದರು, ಆಮೇಲೆ ಹೇಳುವ ಧೈರ್ಯ ತನಗೇ ಬರಲಿಲ್ಲ ಎಂದರು ದೇವೀರಮ್ಮ.

ಅಂಗಡಿಗೆ ನಡೆದುಬರುವಾಗ ನನಗೆ ಒಂದು ವಿಷಯ ಖಚಿತವಾಯಿತು. ಕೆಟ್ಟ ಚಿಪ್ಪು ಒಂದೊಂದು ಸಲ ಒಂದೊಂದು ಥರ ಕೆಡುತ್ತದೆ. ಈ ಸರದಿ ಎರಡು ಸಲವೂ ಒಂದೇ ಥರ, ಅಚ್ಚುಕಟ್ಟಾಗಿ ತಿರುಗಿತ್ತು. ಯಾರೋ ಕೈಯಾರೆ ಬದಲಾಯಿಸುತ್ತಿದ್ದರು. ಮನೆಯಲ್ಲಿ ಇರುವವರೇ ಇಬ್ಬರು. ಬೀದಿಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೋ ಅವರಿಗೆ ಸರದಿ ಬದಲಾಯಿಸುವುದನ್ನು ಕಲಿಸಿಕೊಡುವುದು ನಮ್ಮ ಪದ್ಧತಿ. ಕೆಂಪಯ್ಯನವರಿಗೆ ಕಲಿಸಿಕೊಟ್ಟವಳು ನಾನೇ.

ಮಾರನೆಯ ದಿನ ಕರೆಂಟು ಬರುವ ಮೊದಲೇ ಎದ್ದು ಬೀದಿಕೋಣೆಗೆ ಹೋದೆ. ಬಾಗಿಲು ಮುಂದೆ ಮಾಡಿತ್ತು, ಸಂದಿಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಒಳಗೆ ಕೆಂಪಯ್ಯನವರು ಮಿಷನ್ನಿನ ಎದುರು ನೆಲದ ಮೇಲೆ ಒಂದು ಪುಟ್ಟ ಸ್ಟೌ ಇಟ್ಟುಕೊಂಡು ಚಹಾ ಕಾಸುತ್ತಿದ್ದರು. ಪಕ್ಕದಲ್ಲಿ ಎರಡು ಲೋಟಗಳಿದ್ದವು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ಬಾಗಿಲು ಹಾಕಿಕೋ ಎಂದು ಕೈಸನ್ನೆ ಮಾಡಿದರು, ಅಷ್ಟೇ.

ಕರೆಂಟು ಬಂತು. ಮಿಷನ್ನಿನ ಫ್ಯಾನು ತಿರುಗತೊಡಗಿತು. ಸ್ವಲ್ಪ ಹೊತ್ತಿಗೆ, ನಲ್ಲಿಯೇ ಇಲ್ಲದ ಆ ಕೋಣೆಯಲ್ಲಿ ನಲ್ಲಿ ಬಿಟ್ಟ ಸದ್ದಾಯಿತು. ಮುಖಕ್ಕೆ ನೀರು ಎರಚಿಕೊಂಡ ಸದ್ದು. ಬಾಚಣಿಗೆಯನ್ನು ಎಲ್ಲೋ ಇಟ್ಟದ್ದು. ಬಳೆ ಏರಿಸಿಕೊಂಡದ್ದು. ಚಿಲ್ಲರೆ ತುಂಬಿದ ಬ್ಯಾಗನ್ನು ಅಲುಗಿಸಿ ನೋಡಿದ್ದು. ಹೆಜ್ಜೆಗಳು ಈ ಗೋಡೆಯಿಂದ ಆ ಗೋಡೆಗೆ ಹೋದವು, ತಿರುಗಿದವು, ದಾರಿ ಸಿಗದವರ ಹಾಗೆ ಮೂಲೆಯಲ್ಲಿ ತಡವರಿಸಿದವು. ಕೆಂಪಯ್ಯನವರು ಚಮಚದಿಂದ ಪಾತ್ರೆಯ ಅಂಚಿಗೆ ಮೆಲ್ಲಗೆ ಬಡಿದರು. ಹೆಜ್ಜೆಗಳು ಅತ್ತ ತಿರುಗಿ ಸ್ಟೌವಿನ ಹತ್ತಿರ ಬಂದು ನಿಂತವು. ಅವರು ಎರಡೂ ಲೋಟಕ್ಕೆ ಚಹಾ ಬಗ್ಗಿಸಿದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಒಂದು ಗಳಿಗೆಯ ನಂತರ ಚಿಲಕ ಸರಿದ ಸದ್ದಾಯಿತು. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು.

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಅವರು ಸ್ಟೌವಿನ ಉರಿ ಇಳಿಸಿದರು. ಆಮೇಲೆ ತಡೆತಡೆದು ಹೇಳಿದರು. ಮಗಳು ಬಂದುಹೋಗುವುದು ಒಂದು ಗಳಿಗೆ. ಅದು ಮುಗಿದ ಮೇಲೆ ದೇವೀರಮ್ಮ ಮಿಕ್ಕ ದಿನವೆಲ್ಲ ಹೊಸಿಲ ಮೇಲೆ ಕೂತಿರುತ್ತಿದ್ದರು. ಅನ್ನ ಸೇರುತ್ತಿರಲಿಲ್ಲ. ಗಂಡನ ಹತ್ತಿರ ಮಾತು ನಿಂತುಹೋಗಿತ್ತು. ಒಂದು ದಿನ ಚಿಲಕ ಸರಿದ ಸದ್ದಿನ ಹಿಂದೆಯೇ ಎದ್ದು ಹೊರಗೆ ನಡೆದರು. ಇವರು ಹುಡುಕಿಕೊಂಡು ಹೋದಾಗ ಕಲ್ಲುಸೇತುವೆಯ ಅಂಚಿನಲ್ಲಿ, ಕಟ್ಟೆಯ ಆಚೆ ಬದಿಯಲ್ಲಿ ನಿಂತಿದ್ದರು.

"ರಟ್ಟೆ ಹಿಡ್ದು ಎಳ್ಕೊಂಡು ಬಂದೆ," ಎಂದರು ಕೆಂಪಯ್ಯ. "ಅವತ್ತು ಸರದಿ ತಿರುಗ್ಸ್ದೆ. ಒಬ್ಳನ್ನ ಕಳ್ಕೊಂಡಿದ್ದೆ. ಇನ್ನೊಬ್ಳನ್ನೂ ಕಳ್ಕೊಳಕ್ಕೆ ನನ್ ಕೈಲಿ ಆಗ್ತಿರ್ಲಿಲ್ಲ."

"ಇಲ್ಲಿಗೆ ಬರ್ತಾಳೆ ಅಂತ ಹೇಗೆ ಗೊತ್ತಾಯ್ತು?"

"ಗೊತ್ತಿರ್ಲಿಲ್ಲ. ಮಾರನೇ ದಿನ ಮಿಷನ್ ನೋಡಕ್ಕೆ ಬಂದಿದ್ದೆ. ಕತ್ತಲಲ್ಲಿ ಒಬ್ಳೇ ಗೋಡೆಗೋಡೆ ಸುತ್ತುತಾ ಇದ್ಲು." ಅವರು ಸ್ಟೌ ಆರಿಸಿದರು. "ಬಂದಾಗ ಯಾರೂ ಇಲ್ಲ ಅನ್ನೋ ಹಂಗೆ ಆಗ್ಬಾರ್ದಲ್ಲ."

ಅವರ ಮೇಲೆ ಸಿಟ್ಟು ಮಾಡಿಕೊಂಡೇ ಬಂದಿದ್ದೆ. ಆ ಸಿಟ್ಟನ್ನು ಎಲ್ಲಿಡಬೇಕು ಎಂದು ನನಗೆ ತಿಳಿಯಲಿಲ್ಲ. ಆದರೆ ಅಡುಗೆಮನೆಯಲ್ಲಿ ಕೇಳಿದ ಮಾತನ್ನು ನನ್ನಲ್ಲೇ ಇಟ್ಟುಕೊಳ್ಳುವುದೂ ಆಗಲಿಲ್ಲ. ಮನೆಗೆ ಬರಬೇಡ ಎಂದು ಆ ದಿನ ತಾಯಿ ಅಂದಿದ್ದರು, ಅದಕ್ಕೇ ಮಗಳು ಬರುತ್ತಿಲ್ಲ ಎಂದು ಈಗ ನಂಬಿಕೊಂಡಿದ್ದಾರೆ ಎಂದು ಹೇಳಿಬಿಟ್ಟೆ. ಕೆಂಪಯ್ಯನವರು ನನ್ನ ಮುಖವನ್ನೇ ನೋಡಿದರು. ಲೋಟಗಳನ್ನು ಅಲ್ಲೇ ಬಿಟ್ಟು, ಬಾಗಿಲಿಗೆ ಬೀಗವನ್ನೂ ಹಾಕದೆ, ಬರಿಗಾಲಿನಲ್ಲಿ ಮನೆಯ ಕಡೆ ನಡೆದರು. ನಾನು ಹಿಂದೆ ಓಡಬೇಕಾಯಿತು.

ದೇವೀರಮ್ಮನವರು ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಕೆಂಪಯ್ಯನವರು ಹೊಸಿಲ ಒಳಗೆ ನಿಂತು, "ಬೋರ್ಡನ್ನ ನಾನೇ ತಿರುಗಿಸ್ತಿದ್ದೆ," ಎಂದರು. "ಸುಕನ್ಯಾ ಬರ್ತಾನೇ ಇದಾಳೆ. ಒಂದು ದಿನಾನೂ ತಪ್ಪಿಸಿಲ್ಲ. ನಿನ್ ಮಾತಿಗೆ ನಿಂತಿದ್ದಲ್ಲ ಅವಳು."

ದೇವೀರಮ್ಮನವರ ಕೈ ಅಕ್ಕಿಯ ಮೇಲೆ ಆಡುತ್ತಲೇ ಇತ್ತು. ಕಲ್ಲೊಂದನ್ನು ಹೆಕ್ಕಿ ಪಕ್ಕಕ್ಕಿಟ್ಟರು. ಗಂಡ ಬೀದಿಕೋಣೆಯ ವಿಷಯ, ಸೇತುವೆಯ ವಿಷಯ ಎಲ್ಲವನ್ನೂ ತುಂಡುತುಂಡಾಗಿ ಹೇಳಿ ಮುಗಿಸುವ ತನಕ ತಲೆಯೆತ್ತಲಿಲ್ಲ. ಆಮೇಲೆ ಮೊರವನ್ನು ಸರಿಸಿದರು.

"ನಾನು ಸಾಯಬಾರ್ದು ಅಂತ ಮಾಡಿದ್ರಿ," ಎಂದರು. "ದಿನಾ ಬೆಳಿಗ್ಗೆ ನಾನು ಸತ್ತಿದ್ದು ನಿಮ್ಗೆ ಕಾಣ್ಸ್ಲಿಲ್ಲ."

ಕೆಂಪಯ್ಯನವರು ಗೋಡೆಗೆ ಒರಗಿ ನಿಂತಿದ್ದರು. ದೇವೀರಮ್ಮ ನನ್ನ ಕಡೆ ತಿರುಗಿ ಬೋರ್ಡು ಸರಿಮಾಡಿಕೊಡು ಎಂದರು. ನಾಳೆ ಬೆಳಿಗ್ಗೆ ನೀನೂ ಇರಬೇಕು ಎಂದೂ ಹೇಳಿದರು. ನಾನು ಕಾರ್ಡನ್ನು ಮೊದಲಿಗೆ, ತಂತಿಯನ್ನು ಕೊನೆಗೆ ಇಟ್ಟು ಬಂದೆ. ಆ ದಿನವೆಲ್ಲ ಅವರು ಮನೆ ಸಾರಿಸಿದರಂತೆ, ಮಗಳ ಕೋಣೆಯ ಕಿಟಕಿ ಒರೆಸಿದರಂತೆ. ಗಂಡನ ಜೊತೆ ಮಾತಾಡಲಿಲ್ಲ. ಆದರೆ ಊಟಕ್ಕೆ ಇಬ್ಬರಿಗೂ ಬಡಿಸಿಕೊಂಡು ಕೂತರು ಎಂದು ಪಕ್ಕದ ಮನೆಯವರು ಹೇಳಿದರು.

ಮರುದಿನ ನಸುಕಿನಲ್ಲಿ ನಾವು ಮೂವರೂ ಪಡಸಾಲೆಯಲ್ಲಿ ಕೂತಿದ್ದೆವು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಕರೆಂಟು ಬಂತು. ಗೂಡಿನೊಳಗೆ ಹಸಿರು ದೀಪ ಮಿನುಗಿ ನಿಂತಿತು. ನಡುಮನೆಯ ಬಲ್ಬು ಹತ್ತಿತು. ಹಿತ್ತಲಲ್ಲಿ ಪಂಪು ಓಡತೊಡಗಿತು.

ಬೇರೆ ಸದ್ದೇ ಆಗಲಿಲ್ಲ.

ಕಾದೆವು. ದೇವೀರಮ್ಮನವರು ನನ್ನ ಕಡೆ ನೋಡಿದರು. ನಾನು ಎದ್ದು ಪರದೆ ಜೋಡಿಸಿದೆ. ಸರದಿ ಸರಿಯಾಗಿತ್ತು. ಬೋರ್ಡು ಕಾರ್ಡಿನಿಂದಲೇ ಎದ್ದಿತ್ತು, ಕಾರ್ಡಿನಲ್ಲಿದ್ದುದನ್ನೆಲ್ಲ ಓದಿಕೊಂಡಿತ್ತು, ಕರೆಂಟು ಸಾಕಷ್ಟಿತ್ತು. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ಮೊದಲಿನಿಂದ ಮತ್ತೆ ನೋಡಿದೆ. ಸಿಗಲಿಲ್ಲ. ಈ ಕೆಲಸಕ್ಕೆ ಕೈಹಚ್ಚಿದ ಮೇಲೆ ಎಲ್ಲ ಸರಿಯಾಗಿದೆ ಎಂದು ಹೇಳಲು ನಾನು ಅಷ್ಟು ಹೆದರಿದ್ದು ಅದೇ ಮೊದಲು.

ಕೆಂಪಯ್ಯನವರು ಅಷ್ಟರಲ್ಲಿ ಬೀದಿಕೋಣೆಗೆ ಓಡಿದ್ದರು. ವಾಪಸು ಬಂದವರು ಜಗಲಿಯ ಕಂಬ ಹಿಡಿದು ಏದುಸಿರು ಬಿಡುತ್ತಾ ನಿಂತರು. ತಲೆ ಅಡ್ಡಡ್ಡ ಆಡಿಸಿದರು. ಅಲ್ಲೂ ಇರಲಿಲ್ಲ. ವರ್ಷ ತುಂಬಲು ಇನ್ನೂ ಕೆಲವು ದಿನಗಳಿದ್ದವು. ಸುಕನ್ಯಾ ಮೊದಲೇ ಮುಗಿಸಿದ್ದಳು. ಹಿಂದಿನ ದಿನ ನಾನು ಬಾಗಿಲ ಹತ್ತಿರ ಉಸಿರು ಬಿಗಿಹಿಡಿದು ಕೇಳಿದ್ದೇ ಅವಳ ಕೊನೆಯ ಬೆಳಗು.

ದೇವೀರಮ್ಮನವರು ಅಳಲಿಲ್ಲ. ಒಳಗೆ ಹೋಗಿ ಒಲೆ ಆರಿಸಿದರು. ಬಹಳ ಹೊತ್ತು ಈಚೆಗೆ ಬರಲಿಲ್ಲ. ನನಗೆ ಆ ಸೇತುವೆಯ ನೆನಪಾಗಿ ಒಳಗೆ ಇಣುಕಿ ನೋಡಿದೆ. ಒಲೆಯ ಕಟ್ಟೆಗೆ ಎರಡೂ ಕೈ ಊರಿ ನಿಂತಿದ್ದರು. ಆಮೇಲೆ ತಾವಾಗಿಯೇ ಬಂದು ಗಂಡನ ಎದುರಿಗೆ ಕೂತರು.

"ನಿನ್ನೆ ಬಂದಿದ್ಲಾ?"

"ಬಂದಿದ್ಲು."

"ಏನೇನ್ ಮಾಡಿದ್ಲು? ಹೇಳಿ."

ಕೆಂಪಯ್ಯನವರು ನನ್ನ ಮುಖ ನೋಡಿದರು, ನಾನು ಹೇಳಲಿ ಎಂಬಂತೆ. ನಾನು ಬಗ್ಗಿ ಪರದೆಯ ವೈರು ಸುತ್ತತೊಡಗಿದೆ. ಅವರೇ, ನೀರು ಬಿಟ್ಟಳು, ಮುಖ ತೊಳೆದಳು, ತಲೆ ಬಾಚಿಕೊಂಡಳು, ಚಹಾದ ಹತ್ತಿರ ಬಂದು ನಿಂತಳು ಎಂದು ಹೇಳಿದರು. ಅಷ್ಟಕ್ಕೇ ಅವರ ಹಣೆಯಲ್ಲಿ ಬೆವರು ಮೂಡಿತ್ತು.

"ನಿನ್ನೇದು ಮಾತ್ರ ಅಲ್ಲ," ಎಂದರು ದೇವೀರಮ್ಮ. "ನೀವು ಕೇಳಿದ್ದು, ನಾನು ಕೇಳ್ದೇ ಇದ್ದಿದ್ದು, ಎಲ್ಲಾ ದಿನದ್ದೂ ಹೇಳ್ಬೇಕು. ಮೊದಲ್ನೇ ದಿನದಿಂದ."

ಕೆಂಪಯ್ಯನವರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು. ಮೊದಲನೇ ದಿನ ಮಳೆ ಬಂದು ನಿಂತಿತ್ತು ಎಂದು ಶುರುಮಾಡಿದರು. ಕೋಣೆಯಲ್ಲಿ ಸೋರುತ್ತಿತ್ತು, ಆ ನೀರಿನ ಸದ್ದೇ ಅವಳ ಸದ್ದು ಎಂದು ಮೊದಲು ತಪ್ಪು ತಿಳಿದೆ ಎಂದರು. ಆಮೇಲೆ ಅವಳು ತಲೆ ಬಾಚಿಕೊಂಡಳು, ಬ್ಯಾಗು ಅಲುಗಿಸಿದಳು, ಬಳೆ ಹಾಕಿಕೊಂಡಳು ಎಂದರು.

"ಇಲ್ಲ," ಎಂದರು ದೇವೀರಮ್ಮ. "ಬಳೆ ಮೊದ್ಲು. ಬಳೆ ಹಾಕ್ಕೊಂಡಾದ್ಮೇಲೇ ಅವಳು ಬ್ಯಾಗ್ ಮುಟ್ತಿದ್ದಿದ್ದು."

ಕೆಂಪಯ್ಯನವರು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. ಹೌದು, ಬಳೆ ಮೊದಲು ಎಂದು ಒಪ್ಪಿಕೊಂಡು, ನೀರು ಬಿಟ್ಟಲ್ಲಿಂದ ಮತ್ತೆ ಹೇಳತೊಡಗಿದರು. ನಾನು ನನ್ನ ಸಾಮಾನು ಎತ್ತಿಕೊಂಡು ಸದ್ದಾಗದಂತೆ ಮೆಟ್ಟಿಲಿಳಿದೆ.